ತಿನ್ನದ ಅಣಬೆಗೂ ಹೆಸರಿಟ್ಟವರು

ಹತ್ತೊಂಬತ್ತನೆಯ ಶತಮಾನದ ರೋಮ್ ನಗರದಲ್ಲಿ ಅಣಬೆ ಮಾರುವವರು ತಮ್ಮ ಬುಟ್ಟಿಯನ್ನು ಮೊದಲು ಸರ್ಕಾರಿ ತಪಾಸಣೆಗಾರನ ಮುಂದಿಡಬೇಕಿತ್ತು. ಆತ ಒಪ್ಪಿದ್ದು ಮಾರುಕಟ್ಟೆಗೆ, ಒಪ್ಪದ್ದು ಟೈಬರ್ ನದಿಗೆ. ಹಾಗೆ ಹೊಳೆ ಪಾಲಾಗುತ್ತಿದ್ದವುಗಳಲ್ಲಿ ಹುಲ್ಲುಗಾವಲಿನ ಬಿಳಿ ಅಣಬೆಯೂ ಒಂದು. ಇಂಗ್ಲೆಂಡಿನ ಜನ ಆ ಕಾಲದಲ್ಲಿ ಕಣ್ಣುಮುಚ್ಚಿ ನಂಬಿ ತಿನ್ನುತ್ತಿದ್ದ ಅಣಬೆ ಹೆಚ್ಚುಕಡಿಮೆ ಅದೊಂದೇ. ಉಳಿದದ್ದೆಲ್ಲ ಅವರ ಕಣ್ಣಿಗೆ ಕಾಲಲ್ಲಿ ಒದ್ದು ಮುಂದೆ ಹೋಗಬೇಕಾದ ವಿಷ. ಇದನ್ನು ಬರೆದಿಟ್ಟವನು ಚಾರ್ಲ್ಸ್ ಡೇವಿಡ್ ಬ್ಯಾಡಮ್ ಎಂಬ ಇಂಗ್ಲಿಷ್ ವೈದ್ಯ. ತನ್ನ ನಾಡಿನ ಕಾಡಿನಲ್ಲಿ ಒಳ್ಳೆಯ ಆಹಾರ ಸುಮ್ಮನೆ ಕೊಳೆತುಹೋಗುತ್ತಿದೆಯಲ್ಲ ಎಂಬ ಸಂಕಟದಿಂದ 1847ರಲ್ಲಿ ಆತ ತಿನ್ನಬಹುದಾದ ಅಣಬೆಗಳ ಮೇಲೆ ಒಂದು ಪುಸ್ತಕವನ್ನೇ ಹೊರತಂದ. ಅವನು ಕೊಟ್ಟ ಈ ಸಾಕ್ಷ್ಯದಿಂದ ನಾವು ಬೇರೊಂದು ಪಾಠ ತೆಗೆಯಬಹುದು. ಊಟದ ರೂಢಿಗೆ ಬೇಕಾದದ್ದು ಎರಡೇ ಗುಂಪು, ಬಾಯಿಗೆ ಆಗುವುದು ಮತ್ತು ಆಗದಿರುವುದು. ನಮ್ಮ ಮಲೆನಾಡಿನಲ್ಲೂ ಹುತ್ತದ ಮೇಲೆ ಏಳುವ ಅಣಬೆಯನ್ನು ಅದರ ಕಾಲ, ಜಾಗ, ಬೇರಿನಂತೆ ಇಳಿದ ಬುಡ ಎಲ್ಲವನ್ನೂ ನೋಡಿ ಗುರುತಿಸುವವರಿದ್ದಾರೆ. ಆದರೆ ತಿನ್ನಲಾಗದ್ದಕ್ಕೆಲ್ಲ ಸೇರಿ ನಾಯಿಕೊಡೆ ಎಂಬ ಒಂದು ಹೆಸರು ಸಾಕಾಗುತ್ತದೆ. ಹಾಗಿದ್ದ ಮೇಲೆ ಯಾರ ಹೊಟ್ಟೆಗೂ ಬೇಡದ ಸಾವಿರಾರು ಅಣಬೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಹೆಸರಿಟ್ಟು, ಪಟ್ಟಿ ಬರೆದವರು ಯಾರು? ಬ್ರಿಟನ್ನಿನ ಮಟ್ಟಿಗೆ ಹೇಳುವುದಾದರೆ ಆ ಕೆಲಸ ಬಹುಪಾಲು ಮೋಜಿಗಾಗಿ ನಡೆಯಿತು, ಮತ್ತು ಮೋಜಿಗಾಗಿ ನಡೆದದ್ದರಿಂದಲೇ ನಡೆಯಿತು ಎಂಬುದು ನನ್ನ ವಾದ.

ಈ ಮಾತಿಗೆ ಆಧಾರ ಅಣಬೆಯ ಹುಟ್ಟುಗುಣದಲ್ಲೇ ಇದೆ. ಗಿಡವನ್ನು ಗುರುತಿಸಲು ಹೊರಟವನಿಗೆ ಅವಸರವಿಲ್ಲ. ಈ ತಿಂಗಳು ಹೂವು ಸಿಗದಿದ್ದರೆ ಮುಂದಿನ ತಿಂಗಳು ಕಾಯಿ ನೋಡಬಹುದು, ಒಣಗಿಸಿ ಕಾಗದಕ್ಕೆ ಅಂಟಿಸಿದರೆ ನೂರು ವರ್ಷದ ನಂತರವೂ ಎಲೆಯ ಆಕಾರ ಉಳಿದಿರುತ್ತದೆ. ಅಣಬೆಯೆಂದು ನಾವು ಕರೆಯುವುದು ಮಣ್ಣಿನಲ್ಲೋ ಕೊಳೆತ ಮರದಲ್ಲೋ ವರ್ಷಗಟ್ಟಲೆ ಅಡಗಿರುವ ಎಳೆಗಳ ಜಾಲ ಮಳೆಯ ನಂತರ ಕೆಲವೇ ದಿನ ಹೊರಗೆ ತೋರುವ ಅಂಗ. ಎಷ್ಟೋ ವರ್ಷ ಅದು ತೋರುವುದೇ ಇಲ್ಲ. ತೋರಿದರೂ ಗುರುತಿಗೆ ಬೇಕಾದ ಲಕ್ಷಣಗಳು ಕಿತ್ತ ಗಳಿಗೆಯಿಂದಲೇ ಅಳಿಯತೊಡಗುತ್ತವೆ. ಮುರಿದಾಗ ಒಸರುವ ಹಾಲು, ಕುಯ್ದ ಕಡೆ ನೀಲಿಗೆ ತಿರುಗುವ ತಿರುಳು, ಸೋಂಪಿನ ವಾಸನೆ, ಹಸಿ ಹಿಟ್ಟಿನ ವಾಸನೆ, ನಾಲಿಗೆ ತುದಿಗೆ ತಾಗಿಸಿ ಉಗುಳಿದಾಗ ತಿಳಿಯುವ ಖಾರ, ಇವ್ಯಾವುವೂ ಒಣಗಿದ ಮಾದರಿಯಲ್ಲಿ ಉಳಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಎಲಿಯಾಸ್ ಫ್ರೀಸ್ ತನ್ನ ವರ್ಗೀಕರಣದಲ್ಲಿ ಬೀಜಕಣಗಳ ಬಣ್ಣಕ್ಕೆ ದೊಡ್ಡ ಸ್ಥಾನ ಕೊಟ್ಟ. ಅದನ್ನು ನೋಡಬೇಕೆಂದರೂ ಅಣಬೆ ತಾಜಾ ಇರುವಾಗಲೇ ಟೊಪ್ಪಿಯನ್ನು ಕಾಗದದ ಮೇಲೆ ಬೋರಲು ಹಾಕಿ ರಾತ್ರಿಯೆಲ್ಲ ಬಿಡಬೇಕು. ಇಂಥ ವಸ್ತುವನ್ನು ಅಭ್ಯಾಸ ಮಾಡಲು ಒಬ್ಬ ಮೇಧಾವಿ, ಒಂದು ವಸ್ತುಸಂಗ್ರಹಾಲಯ ಸಾಲದು. ಮಳೆ ಬಿದ್ದ ಅದೇ ವಾರದಲ್ಲಿ ಹತ್ತು ಕಾಡುಗಳಲ್ಲಿ ಬಗ್ಗಿ ನಡೆಯುವ ಹತ್ತಾರು ಜನ ಬೇಕು, ಸಂಜೆಯೊಳಗೆ ಅವರೆಲ್ಲ ಒಂದೆಡೆ ಕೂಡಬೇಕು. ಸಂಬಳ ಕೊಟ್ಟು ಅಷ್ಟು ಜನರನ್ನು ಕಾಡಿಗೆ ಕಳಿಸುವ ಸರ್ಕಾರ ಆಗ ಎಲ್ಲೂ ಇರಲಿಲ್ಲ. ಖುಷಿಯಿಂದ ಬರುವವರನ್ನೇ ನೆಚ್ಚಬೇಕಿತ್ತು.

ಹಾಗೆ ಜನ ಕೂಡತೊಡಗುವ ಮುಂಚೆಯೂ ಒಂಟಿ ಸಾಧಕರು ಇದ್ದರು. ಹ್ಯಾಲಿಫ್ಯಾಕ್ಸಿನ ಜೇಮ್ಸ್ ಬೋಲ್ಟನ್, ನೇಕಾರನ ಮಗ, ಚಿತ್ರಕಲೆಯನ್ನು ತಾನೇ ಕಲಿತವನು, 1788ರಿಂದ 1791ರವರೆಗೆ ತನ್ನೂರಿನ ಸುತ್ತಲಿನ ಅಣಬೆಗಳ ಸಚಿತ್ರ ಸಂಪುಟಗಳನ್ನು ಹೊರತಂದ. ಜೇಮ್ಸ್ ಸೋವರ್ಬಿಯ ಬಣ್ಣದ ಚಿತ್ರಗಳು ಅದರ ಬೆನ್ನಿಗೇ ಬಂದವು. ನಾರ್ತಾಂಪ್ಟನ್‌ಶೈರಿನ ಹಳ್ಳಿಯ ಪಾದ್ರಿ ಮೈಲ್ಸ್ ಜೋಸೆಫ್ ಬರ್ಕ್ಲಿ 1836ರಲ್ಲಿ ಬ್ರಿಟಿಷ್ ಅಣಬೆಗಳ ಕುರಿತ ಸಂಪುಟ ಬರೆದ. ಹದಿನೈದು ಮಕ್ಕಳ ಸಂಸಾರ, ಖರ್ಚು ತೂಗಿಸಲು ಮನೆಪಾಠ, ಇವುಗಳ ನಡುವೆ ಉಳಿದ ವೇಳೆ ಅವನ ಸೂಕ್ಷ್ಮದರ್ಶಕಕ್ಕೆ. ಆದರೆ ಇವರ ಪುಸ್ತಕಗಳು ಒಬ್ಬೊಬ್ಬರ ದಣಿವರಿಯದ ಶ್ರಮದ ಫಲ. ಅವರ ನಂತರ ಆ ಕೆಲಸವನ್ನು ಯಾರು ಮುಂದುವರಿಸಬೇಕು, ಹೊಸಬರಿಗೆ ಕಣ್ಣು ಪಳಗಿಸುವವರು ಯಾರು ಎಂಬುದಕ್ಕೆ ಅಲ್ಲಿ ಏರ್ಪಾಟಿರಲಿಲ್ಲ. ಪುಸ್ತಕ ನೋಡಿ ಅಣಬೆ ಕಲಿಯಲು ಹೊರಟವರೆಲ್ಲರಿಗೂ ಗೊತ್ತಿರುವಂತೆ, ಚಿತ್ರದಲ್ಲಿರುವ ಅಣಬೆ ಕಾಡಿನಲ್ಲಿ ಸಿಗುವುದಿಲ್ಲ. ಕಾಡಿನಲ್ಲಿ ಸಿಗುವುದು ಅದಕ್ಕಿಂತ ಎಳೆಯದೋ, ಮುದಿಯದೋ, ಬಸವನಹುಳು ತಿಂದದ್ದೋ ಆಗಿರುತ್ತದೆ. ಪಕ್ಕದಲ್ಲಿ ನಿಂತು ‘ಇದು ಅದೇ’ ಎನ್ನುವ ಮನುಷ್ಯ ಬೇಕು.

ಆ ಏರ್ಪಾಟು ಹುಟ್ಟಿದ್ದು ಹೆರಿಫರ್ಡ್ ಎಂಬ ಸಣ್ಣ ಪಟ್ಟಣದಲ್ಲಿ. ಅಲ್ಲಿ 1851ರಲ್ಲಿ ವುಲ್‌ಹೋಪ್ ನ್ಯಾಚುರಲಿಸ್ಟ್ಸ್ ಫೀಲ್ಡ್ ಕ್ಲಬ್ ಎಂಬ ಸಂಘ ಶುರುವಾಗಿತ್ತು. ಬಂಡೆ, ಪಳೆಯುಳಿಕೆ, ಹಕ್ಕಿ, ಹಳೆಯ ಕೋಟೆ ಎಲ್ಲವೂ ಅದರ ಆಸಕ್ತಿಗಳೇ. ಊರಿನ ವೈದ್ಯ ಹೆನ್ರಿ ಗ್ರೇವ್ಸ್ ಬುಲ್ ಅದರ ಸದಸ್ಯರನ್ನು 1868ರ ಶರತ್ಕಾಲದಲ್ಲಿ ಅಣಬೆ ಬೇಟೆಗೆ ಕರೆದ. ಸುತ್ತಲಿನ ಹೇವುಡ್ ಕಾಡು, ಹೋಮ್ ಲೇಸಿಯ ತೋಪುಗಳಂಥ ಕಡೆ ಬುಟ್ಟಿ ಹಿಡಿದು ಹೋಗುವುದು, ಸಿಕ್ಕಿದ್ದನ್ನೆಲ್ಲ ತಂದು ಮೇಜಿನ ಮೇಲೆ ಹರಡುವುದು, ಬಲ್ಲವರು ಒಂದೊಂದನ್ನೂ ಎತ್ತಿ ಹೆಸರು ಹೇಳುವುದು, ಒಪ್ಪದವರು ವಾದಿಸುವುದು, ಕೊನೆಗೆ ಪಟ್ಟಣದ ಗ್ರೀನ್ ಡ್ರ್ಯಾಗನ್ ಹೋಟೆಲಿನಲ್ಲಿ ಊಟ. ಊಟದಲ್ಲಿ ಆ ದಿನದ ಅಣಬೆಗಳೇ ಮೇಲೋಗರ: ಓಕ್ ಮರದ ಮೇಲೆ ಹಸಿ ಮಾಂಸದ ತುಂಡಿನಂತೆ ಬೆಳೆಯುವುದು, ಉದ್ದ ಕಾಂಡದ ಛತ್ರಿಯಂಥದ್ದು, ಎಳೆಯದಾಗಿರುವಾಗ ಹೋಳು ಮಾಡಿ ಕರಿಯುವ ಗುಂಡನೆಯ ದೈತ್ಯ. ಈ ಕೂಟ ವರ್ಷ ವರ್ಷವೂ ನಡೆದು ಹೆಸರು ಮಾಡಿತು. ಲಂಡನ್ನಿನಿಂದ ಮಾರ್ಡಿಕೈ ಕ್ಯುಬಿಟ್ ಕುಕ್ ಬಂದ. ವಾಸ್ತುಶಿಲ್ಪ ಕಲಿತು ಚಿತ್ರಕಾರನಾದ ವರ್ದಿಂಗ್ಟನ್ ಸ್ಮಿತ್ ಬಂದು ಅಣಬೆ ಬೇಟೆಗಾರರ ವ್ಯಂಗ್ಯಚಿತ್ರಗಳನ್ನೂ ಬರೆದ. ಕಿಂಗ್ಸ್ ಲಿನ್ನಿನ ವೈದ್ಯ ಪ್ಲೌರೈಟ್, ಶ್ರೂಸ್‌ಬರಿಯಲ್ಲಿ ಬಟ್ಟೆ ಹೊಲಿಯುವ ವೃತ್ತಿಯ ವಿಲಿಯಂ ಫಿಲಿಪ್ಸ್ ಬಂದರು. ಫ್ರಾನ್ಸಿನಿಂದಲೂ ಅತಿಥಿಗಳು ಬಂದರು. ಇವರಲ್ಲಿ ಫಿಲಿಪ್ಸ್ 1887ರಲ್ಲಿ ಬಟ್ಟಲಾಕಾರದ ಅಣಬೆಗಳ ಮೇಲೆ, ಪ್ಲೌರೈಟ್ 1889ರಲ್ಲಿ ತುಕ್ಕು ಮತ್ತು ಕಾಡಿಗೆ ರೋಗದ ಶಿಲೀಂಧ್ರಗಳ ಮೇಲೆ ಬರೆದ ಪುಸ್ತಕಗಳು ಬಹುಕಾಲ ಆಕರಗ್ರಂಥಗಳಾಗಿ ನಿಂತವು. ಬುಲ್ ಸ್ವತಃ ಹೆರಿಫರ್ಡ್‌ಶೈರಿನ ಸೇಬು, ಪೇರು ಹಣ್ಣುಗಳ ಮಹಾ ಸಚಿತ್ರ ಗ್ರಂಥಕ್ಕೂ ಹೆಗಲು ಕೊಟ್ಟವನು. ಆ ಮನುಷ್ಯನಿಗೆ ಯಾವುದನ್ನೂ ಸಪ್ಪೆಯಾಗಿ ಮಾಡಿ ಗೊತ್ತಿರಲಿಲ್ಲವೆಂದು ತೋರುತ್ತದೆ.

ಊಟವನ್ನು ಇಲ್ಲಿ ಬರೀ ಅಲಂಕಾರವೆಂದು ತಳ್ಳಿಹಾಕಬಾರದು. ಮೇಜಿನ ಸುತ್ತ ನಡೆದದ್ದು ಒಂದು ಬಗೆಯ ಪರೀಕ್ಷೆ. ಒಬ್ಬನೇ ಕೂತು ಇಟ್ಟ ಹೆಸರನ್ನು ಪ್ರಶ್ನಿಸುವವರಿಲ್ಲ; ಹತ್ತು ಜನರ ಎದುರು ಇಟ್ಟ ಹೆಸರು ಅಲ್ಲೇ ಉಜ್ಜಿ ನೋಡಲ್ಪಡುತ್ತದೆ. ತಟ್ಟೆಗೆ ಹೋಗುವ ಅಣಬೆಯಾದರಂತೂ ತಪ್ಪಿಗೆ ಜಾಗವಿಲ್ಲ. ಬಿಳಿಯ ಕಿವಿರು, ಕಾಂಡದ ಮೇಲೆ ಉಂಗುರ, ಬುಡದಲ್ಲಿ ಚೀಲ ಇರುವ ‘ಡೆತ್ ಕ್ಯಾಪ್’ ತಿಂದವರಿಗೆ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ವಾಂತಿಭೇದಿ ಶುರುವಾಗುವ ಹೊತ್ತಿಗೆ ವಿಷ ಯಕೃತ್ತಿಗೆ ಇಳಿದಿರುತ್ತದೆ. ಬುಡವನ್ನು ಅಗೆದು ತೆಗೆಯಬೇಕು, ಕತ್ತರಿಸಿ ತರಬಾರದು ಎಂಬ ನಿಯಮ ಗುರುತಿಸುವವರ ಮೊದಲ ಪಾಠವಾದದ್ದು ಅದಕ್ಕೇ. ಹೀಗೆ ತಿನ್ನುವ ಆಸೆಯಿಂದ ಹೊರಟ ಕೂಟ ಕೆಲವೇ ವರ್ಷಗಳಲ್ಲಿ ತಿನ್ನುವುದನ್ನು ದಾಟಿತು. ಸಂಘದ ವಾರ್ಷಿಕ ಸಂಪುಟಗಳಲ್ಲಿ ಅಚ್ಚಾದ ಪಟ್ಟಿಗಳಲ್ಲಿ ಬಾಯಿಗೆ ಬರುವವು ಎಲ್ಲೋ ಕೆಲವು. ಉಳಿದವು ಉಗುರಿನಷ್ಟು ಚಿಕ್ಕವು, ಮರದ ತೊಗಟೆಯ ಮೇಲಿನ ಪೊರೆಗಳು, ಸಗಣಿಯ ಮೇಲೆ ಏಳುವವು. ಹಸಿವು ಒಬ್ಬನನ್ನು ಅಷ್ಟು ದೂರ ಕರೆದೊಯ್ಯುವುದಿಲ್ಲ.

ಬುಲ್ 1885ರಲ್ಲಿ ತೀರಿಕೊಂಡ ಮೇಲೆ ಹೆರಿಫರ್ಡಿನ ಕೂಟ ಕಳೆಗುಂದಿತು, ಆದರೆ ಪದ್ಧತಿ ಅಷ್ಟರಲ್ಲಿ ಬೇರೆಡೆ ಬೇರು ಬಿಟ್ಟಿತ್ತು. ಎಸೆಕ್ಸಿನ ಸಂಘ 1880ರಿಂದಲೇ ಎಪ್ಪಿಂಗ್ ಕಾಡಿನಲ್ಲಿ ಅಣಬೆ ಕೂಟ ನಡೆಸುತ್ತಿತ್ತು. ಯಾರ್ಕ್‌ಶೈರಿನ ನಿಸರ್ಗಪ್ರಿಯರ ಒಕ್ಕೂಟ 1896ರಲ್ಲಿ ಸೆಲ್ಬಿಯಲ್ಲಿ ಸೇರಿದಾಗ ಬ್ರಿಟಿಷ್ ಮೈಕಲಾಜಿಕಲ್ ಸೊಸೈಟಿ ಹುಟ್ಟಿತು. ಮೊದಲ ಅಧ್ಯಕ್ಷ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಜಾರ್ಜ್ ಮಾಸಿ. ಕಾರ್ಯದರ್ಶಿ ವುಸ್ಟರಿನ ವಕೀಲ ಕಾರ್ಲ್‌ಟನ್ ರೇ. ರೇಯ ಹೆಂಡತಿ ಆಮಿ ಅಣಬೆಗಳನ್ನು ತಾಜಾ ಇರುವಾಗಲೇ ಬಣ್ಣದಲ್ಲಿ ಹಿಡಿಯುತ್ತಿದ್ದಳು. ಆ ವಕೀಲ 1922ರಲ್ಲಿ ಪ್ರಕಟಿಸಿದ ಬ್ರಿಟಿಷ್ ಅಣಬೆಗಳ ಕೈಪಿಡಿ ಎರಡು ತಲೆಮಾರಿನವರ ಚೀಲದಲ್ಲಿತ್ತು. ಒಂದು ರಾಷ್ಟ್ರದ ಶಿಲೀಂಧ್ರ ವಿಜ್ಞಾನದ ಪ್ರಮುಖ ಸಂಸ್ಥೆ ವಿಶ್ವವಿದ್ಯಾಲಯದ ಕೋಣೆಯಲ್ಲಿ ಹುಟ್ಟದೆ ಕಾಡಿನ ಸುತ್ತಾಟದ ನಡುವೆ ಹುಟ್ಟಿತು ಎಂಬುದು ಆಕಸ್ಮಿಕವಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಶಿಲೀಂಧ್ರ ವಿಜ್ಞಾನ ಬೆಳೆದದ್ದು ಬೆಳೆಗಳಿಗೆ ಬಂದ ರೋಗಗಳಿಂದ, ಐರ್ಲೆಂಡಿನ ಆಲೂಗಡ್ಡೆ ಬರಗಾಲದಿಂದ, ಸಿಲೋನಿನ ಕಾಫಿ ತುಕ್ಕಿನಿಂದ. ಭಾನುವಾರದ ಬುಟ್ಟಿಗಳಿಗೆ ಏಕೆ ಇಷ್ಟು ಮರ್ಯಾದೆ ಎಂದು ಕೇಳಬಹುದು. ಘಟನೆಗಳ ಕ್ರಮ ನೋಡಿದರೆ ಉತ್ತರ ಸಿಗುತ್ತದೆ. 1845ರಲ್ಲಿ ಆಲೂಗಡ್ಡೆ ಗಿಡಗಳು ಕಪ್ಪಾಗಿ ಕೊಳೆಯತೊಡಗಿದಾಗ ಹವೆ ಕೆಟ್ಟಿದ್ದರಿಂದ ಗಿಡ ಕೊಳೆಯುತ್ತಿದೆ, ಬೂಷ್ಟು ಆಮೇಲೆ ಬರುತ್ತದೆ ಎಂದು ದೊಡ್ಡ ಸಸ್ಯಶಾಸ್ತ್ರಜ್ಞರು ಹೇಳುತ್ತಿದ್ದರು. ಬೂಷ್ಟೇ ಕಾರಣ ಎಂದು 1846ರಲ್ಲಿ ಬರೆದವನು ಅದೇ ಪಾದ್ರಿ ಬರ್ಕ್ಲಿ. ಸರ್ಕಾರಕ್ಕೆ ಸಂಬಳದ ಶಿಲೀಂಧ್ರ ತಜ್ಞನೇ ಇರಲಿಲ್ಲ. ಬೇಲಿಯಂಚಿನ ನಿರುಪಯೋಗಿ ಅಣಬೆಗಳನ್ನು ಎರಡು ದಶಕ ನೋಡಿ ಪಳಗಿದ ಕಣ್ಣು ಮಾತ್ರ ಇತ್ತು. ಕಾಫಿ ಎಲೆತುಕ್ಕಿಗೆ 1869ರಲ್ಲಿ ಹೆಸರಿಟ್ಟವರೂ ಬರ್ಕ್ಲಿ ಮತ್ತು ಅವನ ಹವ್ಯಾಸಿ ಗೆಳೆಯ ಬ್ರೂಮ್. ನಮ್ಮ ನಾಡಿಗೂ ಈ ಎಳೆ ತಾಗುತ್ತದೆ: ಮೈಸೂರು ಸೀಮೆಯ ಕಾಫಿ ತೋಟಗಳಲ್ಲಿ ಎಲೆ, ಕಾಯಿಗಳನ್ನು ಕಪ್ಪಾಗಿಸಿ ಉದುರಿಸುತ್ತಿದ್ದ ಶಿಲೀಂಧ್ರವನ್ನು 1876ರಲ್ಲಿ ತನ್ನ ಪತ್ರಿಕೆಯಲ್ಲಿ ವಿವರಿಸಿ, ತೋಟದವರು ಕರೆಯುತ್ತಿದ್ದ ಕೊಳೆರೋಗ ಎಂಬ ಹೆಸರನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಿದವನು ಹೆರಿಫರ್ಡಿನ ಊಟಗಳಲ್ಲಿ ಕೂರುತ್ತಿದ್ದ ಅದೇ ಕುಕ್. ಅಗತ್ಯ ಬಂದಾಗ ವಿದ್ಯೆ ಸಿದ್ಧವಾಗಿತ್ತು. ಅದನ್ನು ಸಿದ್ಧ ಮಾಡಿದ್ದು ಅಗತ್ಯವಲ್ಲ.

ಹಾಗೆಂದು ಉಪಯೋಗದ ದಾರಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದ, ಬೋರ್ಡೋ ದ್ರಾವಣದ ಸಿಂಪರಣೆ ತೋಟಗಳಲ್ಲಿ ನೆಲೆಯೂರಿತು, ಮಲೆನಾಡಿನ ಎಷ್ಟೋ ಮನೆಗಳ ಬದುಕು ಅದರಿಂದ ಉಳಿಯಿತು. ಆದರೆ ಆ ದಾರಿ ಬೆಳೆಯಿಂದ ಹೊರಟು ಬೆಳೆಯಲ್ಲೇ ಮುಗಿಯುತ್ತದೆ. ಅಡಿಕೆ ಗೊನೆಯ ಮೇಲಿನ ಬೂಷ್ಟಿಗೆ ತಜ್ಞ ಸಿಗುತ್ತಾನೆ, ಅದೇ ತೋಟದ ಅಂಚಿನ ಸೊಪ್ಪಿನ ಬೆಟ್ಟದಲ್ಲಿ ಎದ್ದ ಅಣಬೆಗೆ ಸಿಗುವುದಿಲ್ಲ. (ಆಲೂಗಡ್ಡೆಯ ಅಂಗಮಾರಿ, ಅಡಿಕೆಯ ಕೊಳೆರೋಗ ಎರಡಕ್ಕೂ ಕಾರಣವಾದ ಜೀವಿಗಳನ್ನು ಈಗ ಶಿಲೀಂಧ್ರಗಳ ಕುಲದಿಂದಲೇ ಹೊರಗಿಟ್ಟಿದ್ದಾರೆ ಎಂಬುದು ಬೇರೆ ಮಾತು.)

ಹವ್ಯಾಸಿಗಳು ತಪ್ಪು ಮಾಡುತ್ತಾರೆ ಎಂಬುದು ಎರಡನೆಯ ಆಕ್ಷೇಪ, ಮತ್ತು ಅದು ನಿಜ. ವರ್ದಿಂಗ್ಟನ್ ಸ್ಮಿತ್ 1875ರಲ್ಲಿ ಆಲೂಗಡ್ಡೆ ರೋಗಾಣು ಚಳಿಗಾಲ ಕಳೆಯುವ ಬೀಜಕಣಗಳನ್ನು ಕಂಡುಹಿಡಿದೆನೆಂದು ಸಾರಿ ಚಿನ್ನದ ಪದಕವನ್ನೂ ಪಡೆದ. ಅವನು ನೋಡಿದ್ದು ಬೇರೆಯೇ ಜೀವಿಯ ಕಣಗಳನ್ನು ಎಂದು ಜರ್ಮನಿಯ ಆಂಟನ್ ಡಿ ಬಾರಿ ಪ್ರಯೋಗಶಾಲೆಯಲ್ಲಿ ತೋರಿಸಿದ. ಒಂದು ಜೀವಿ ಹೇಗೆ ಬದುಕುತ್ತದೆ ಎಂದು ಹಂತ ಹಂತವಾಗಿ ಬೆಳೆಸಿ ನೋಡುವುದರಲ್ಲಿ ಜರ್ಮನ್ ಪ್ರಯೋಗಶಾಲೆಗಳು ಬ್ರಿಟನ್ನಿನ ಬುಟ್ಟಿಗಾರರಿಗಿಂತ ಬಹಳ ಮುಂದಿದ್ದವು. ಇದನ್ನು ಒಪ್ಪಿಕೊಳ್ಳದೆ ಈ ವಾದ ನಿಲ್ಲದು. ಆದರೆ ಯಾವ ಜೀವಿ ಎಲ್ಲಿ, ಯಾವಾಗ, ಯಾವ ಮರದ ಕೆಳಗೆ ಎಂಬ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಉತ್ತರವಿಲ್ಲ. ಎರಡೂ ಬೇರೆ ಬೇರೆ ವಿದ್ಯೆಗಳು, ಮತ್ತು ನಾನು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಮೋಜು ಯಾರದು? ಕಾಡುಗಳು ಜಮೀನ್ದಾರರವು, ಬಿಡುವು ವೈದ್ಯ, ಪಾದ್ರಿ, ವಕೀಲರದು, ಹೋಟೆಲಿನ ಊಟ ಗಂಡಸರದು. ಸ್ಕಾಟ್ಲೆಂಡಿನ ಪರ್ತ್‌ಶೈರಿನಲ್ಲಿ ಚಾರ್ಲ್ಸ್ ಮ್ಯಾಕಿಂಟೋಶ್ ಎಂಬ ಹಳ್ಳಿಯ ಅಂಚೆಯವನಿದ್ದ. ಮರ ಕೊಯ್ಯುವ ಕಾರ್ಖಾನೆಯಲ್ಲಿ ಎಡಗೈ ಬೆರಳು ಕಳೆದುಕೊಂಡು, ಪತ್ರ ಹಂಚುತ್ತಾ ದಿನವೂ ಮೈಲಿಗಟ್ಟಲೆ ನಡೆಯುತ್ತಿದ್ದ ಅವನಿಗೆ ಆ ಕಣಿವೆಯ ಪಾಚಿ, ಜರೀಗಿಡ, ಅಣಬೆಗಳೆಲ್ಲ ಗೊತ್ತಿದ್ದವು. ರಜೆಗೆ ಅಲ್ಲಿಗೆ ಬರುತ್ತಿದ್ದ ಲಂಡನ್ನಿನ ಶ್ರೀಮಂತ ಮನೆಯ ಹುಡುಗಿ ಬಿಯಾಟ್ರಿಕ್ಸ್ ಪಾಟರ್ ಅವನಿಂದ ಕಲಿತಳು. ಅವನು ಅಣಬೆಗಳನ್ನು ಅಂಚೆಯಲ್ಲಿ ಲಂಡನ್ನಿಗೆ ಕಳಿಸುವುದು, ಅವಳು ಚಿತ್ರ ಬರೆದು ಒಂದು ಪ್ರತಿಯನ್ನು ಅವನಿಗೆ ಮರಳಿಸುವುದು ಹೀಗೆ ನಡೆಯಿತು. ಬೀಜಕಣಗಳು ಮೊಳೆಯುವ ಬಗ್ಗೆ ಅವಳು ಬರೆದ ಪ್ರಬಂಧವನ್ನು 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಮಂಡಿಸಿದವನು ಜಾರ್ಜ್ ಮಾಸಿ, ಏಕೆಂದರೆ ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇನ್ನಷ್ಟು ಕೆಲಸ ಬೇಕೆಂದು ಪ್ರಬಂಧ ಹಿಂದಕ್ಕೆ ಬಂತು, ಮುಂದೆ ಕಳೆದೇಹೋಯಿತು. ಪಾಟರ್ ಮೊಲದ ಕಥೆಗಳನ್ನು ಬರೆದು ಲೋಕಪ್ರಸಿದ್ಧಳಾದಳು. ಈ ಕಥೆಯನ್ನು ಹವ್ಯಾಸಿಗಳ ವಿರುದ್ಧದ ಸಾಕ್ಷಿಯಾಗಿ ಹೇಳುವುದು ವಾಡಿಕೆ. ನನಗೆ ಅದು ತಿರುವುಮುರುವಾಗಿ ಕಾಣುತ್ತದೆ. ಬಾಗಿಲು ಮುಚ್ಚಿದ್ದು ವಿದ್ವತ್ಸಂಸ್ಥೆ. ಅಂಚೆಯವನೂ ಶ್ರೀಮಂತ ಮನೆಯ ಹೆಣ್ಣುಮಗಳೂ ಸಮಾನರಾಗಿ ಮಾತಾಡಿದ್ದು ಅಣಬೆಯ ಬುಟ್ಟಿಯ ಮುಂದೆ. ಬುಟ್ಟಿಗಾರರ ಸಂಘವಾದ ಮೈಕಲಾಜಿಕಲ್ ಸೊಸೈಟಿಯಲ್ಲಿ 1907ರಲ್ಲಿ ಆನಿ ಲೊರೇನ್ ಸ್ಮಿತ್, 1912ರಲ್ಲಿ ಗುಲಿಯೆಲ್ಮಾ ಲಿಸ್ಟರ್ ಅಧ್ಯಕ್ಷರಾದರು. ಪಾಟರಳ ಅಣಬೆ ಚಿತ್ರಗಳನ್ನು 1967ರಲ್ಲಿ ಪುಸ್ತಕಕ್ಕೆ ಬಳಸಿದ್ದೂ ಗುರುತಿಸುವ ಹವ್ಯಾಸಿಗಳಿಗಾಗಿ ಬರೆದ ಕೈಪಿಡಿಯಲ್ಲೇ. ಹಾಗಿದ್ದರೂ ಲೆಕ್ಕ ಸರಿಯಾಯಿತು ಎನ್ನಲಾರೆ. ಕುಕ್‌ನಂಥ ಹಳ್ಳಿ ಅಂಗಡಿಯವರ ಮಗ ಮೇಲೇರಿದ ನಿಜ. ಮ್ಯಾಕಿಂಟೋಶನಂಥವರು ಕಳಿಸಿದ ಎಷ್ಟು ಮಾದರಿಗಳು ಕಳಿಸಿದವರ ಹೆಸರಿಲ್ಲದೆ ಪಟ್ಟಿಗೆ ಸೇರಿದವೋ, ಅದಕ್ಕೆ ದಾಖಲೆಯೇ ಇಲ್ಲ.

ಕೊನೆಯ ಆಕ್ಷೇಪ ಈ ಕಾಲದ್ದು. ಕಣ್ಣಿಗೆ ಒಂದೇ ಎಂದು ಕಂಡ ಅಣಬೆ ಡಿಎನ್‌ಎ ಪರೀಕ್ಷೆಯಲ್ಲಿ ನಾಲ್ಕಾಗಿ ಒಡೆಯುತ್ತದೆ; ಹಾಗಾದರೆ ಟೊಪ್ಪಿ, ಕಿವಿರು, ವಾಸನೆಗಳ ಈ ಆಟಕ್ಕೆ ಇನ್ನೇನು ಬೆಲೆ? ಆದರೆ ಪರೀಕ್ಷೆಗೆ ಹಾಕುವ ಚೂರನ್ನು ಯಾರೋ ಕಾಡಿನಿಂದ ತರಬೇಕಷ್ಟೆ. ಇದುವರೆಗೆ ಹೆಸರು ಪಡೆದ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ, ಇರಬಹುದಾದವು 20 ಲಕ್ಷಕ್ಕೂ ಮಿಗಿಲು ಎಂಬುದು ವಿಜ್ಞಾನಿಗಳ ಅಂದಾಜು. ಕ್ಯೂ ಉದ್ಯಾನದ ಸಂಗ್ರಹದಲ್ಲಿ 12.5 ಲಕ್ಷದಷ್ಟು ಮಾದರಿಗಳಿದ್ದರೂ, 2014ರಿಂದ 2019ರವರೆಗೆ ಬ್ರಿಟನ್ನಿನಲ್ಲಿ ಕಾಣೆಯಾದ ಅಪರೂಪದ ಜಾತಿಗಳನ್ನು ಹುಡುಕಬೇಕಾದಾಗ ಅದೇ ಸಂಸ್ಥೆ ಕೈಚಾಚಿದ್ದು ಹವ್ಯಾಸಿಗಳ ಕಡೆಗೆ. ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವ ಸಾಕ್ಷ್ಯ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ. ಸಾಲ್ಸ್‌ಬರಿಯ ಸುತ್ತ ಸುಮಾರು 30 ಕಿಲೋಮೀಟರಿನೊಳಗೆ 1950ರಿಂದ 2005ರವರೆಗೆ 315 ಜಾತಿಯ ಅಣಬೆಗಳು ಯಾವ ದಿನ ಕಂಡವು ಎಂದು ಬರೆದಿಟ್ಟ 52,000 ದಾಖಲೆಗಳ ಮೇಲೆ ಅದು ನಿಂತಿದೆ. ದಾಖಲೆಗಳ ಹಿಂದಿದ್ದವರು ಎಡ್ವರ್ಡ್ ಗ್ಯಾಂಜ್ ಎಂಬ ಹವ್ಯಾಸಿ. ವಿಜ್ಞಾನಿಯಾದ ಅವರ ಮಗ ಅವನ್ನು ಲೆಕ್ಕಕ್ಕೆ ಹಾಕಿದಾಗ ಶರತ್ಕಾಲದ ಅಣಬೆಯ ಸುಗ್ಗಿ 1950ರ ದಶಕದಲ್ಲಿ ಸರಾಸರಿ 33 ದಿನವಿದ್ದದ್ದು ಹೊಸ ಶತಮಾನದಲ್ಲಿ 75 ದಿನದ ಹತ್ತಿರಕ್ಕೆ ಬೆಳೆದಿರುವುದು ಗೊತ್ತಾಯಿತು. ಹವಾಮಾನದ ಬದಲಾವಣೆ ನೆಲದೊಳಗಿನ ಬದುಕನ್ನು ಮುಟ್ಟಿದೆ ಎಂಬುದಕ್ಕೆ ಇಂಥ ಪುರಾವೆಯನ್ನು 1950ರಲ್ಲಿ ಯಾವ ಯೋಜನೆಯೂ ಕೇಳಿರಲಿಲ್ಲ, ಕೇಳಲು ಸಾಧ್ಯವೂ ಇರಲಿಲ್ಲ.

ನಮ್ಮಲ್ಲಿ ಮುಂಗಾರು ಹಿಡಿದ ಮೇಲೆ ಪಶ್ಚಿಮ ಘಟ್ಟದ ಕಾಡಿನಲ್ಲಿ, ಊರಿನ ಉದ್ಯಾನಗಳಲ್ಲಿ ಕೂಡ ಏಳುವ ಅಣಬೆಗಳ ಚಿತ್ರ ತೆಗೆಯುವವರು ಈಗ ಬಹಳ ಜನರಿದ್ದಾರೆ. ಚಿತ್ರದ ಜೊತೆ ದಿನಾಂಕ, ಜಾಗ, ಹತ್ತಿರದ ಮರ, ಬುಡ ಹೇಗಿತ್ತು, ಕಾಗದದ ಮೇಲೆ ಬೀಜಕಣ ಯಾವ ಬಣ್ಣ ಬಿಟ್ಟಿತು ಎಂಬ ಐದು ಮಾತು ಬರೆದಿಡಿ. ಚಿತ್ರವನ್ನಷ್ಟೇ ನೋಡಿ ಯಾರಾದರೂ ಹೇಳಿದ ಹೆಸರನ್ನು ನಂಬಿ ಯಾವುದನ್ನೂ ತಿನ್ನಬೇಡಿ.